ಬೆಳೆ ಬಂದರೂ ಆದಾಯ ಎಲ್ಲಿ? ಲೆಕ್ಕ ಕೇಳೋಣ, ಬನ್ನಿ!

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ರೈತ ಬಾಂಧವರಲ್ಲಿ, ಅಕ್ಕ ತಂಗಿಯರಲ್ಲಿ, ಲಾವಣಿಗೆ ಹೊಲ ಹಿಡಿದು ದುಡಿಯುವ ಅಣ್ಣ ತಮ್ಮಂದಿರಲ್ಲಿ ಕಳಕಳಿಯ ಮನವಿ

2025ರ ಮುಂಗಾರಿಗೆ ಕೇಂದ್ರ ಸರ್ಕಾರ ಗೋವಿನಜೋಳಕ್ಕೆ ಕ್ವಿಂಟಾಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಸಾರಿತು. ನವೆಂಬರಿನಲ್ಲಿ ರಾಶಿ ಮುಗಿಸಿ, ಟ್ರ್ಯಾಕ್ಟರ್ ಹೇರಿಕೊಂಡು ಪೇಟೆಗೆ ಹೋದವರಿಗೆ ಕೇಳಿಬಂದ ದರ 1,600, 1,700. ಮುಖ್ಯಮಂತ್ರಿಗಳು ಪ್ರಧಾನಿಯವರಿಗೆ ಪತ್ರ ಬರೆದರು. ದಿಲ್ಲಿಯವರು ಬೆಂಗಳೂರಿನ ಕಡೆ, ಬೆಂಗಳೂರಿನವರು ದಿಲ್ಲಿಯ ಕಡೆ ಕೈ ತೋರಿಸಿದರು. ಸಾಲಕ್ಕೆ, ಮದುವೆಗೆ, ಹಿಂಗಾರಿ ಬೀಜಕ್ಕೆ ದುಡ್ಡು ಬೇಕಾದವರು ಅಷ್ಟರಲ್ಲಿ ಸಿಕ್ಕ ದರಕ್ಕೆ ಮಾರಿ ಮನೆಗೆ ಬಂದಿದ್ದರು.

ಕೂತು ಲೆಕ್ಕ ಹಾಕಿ. ಎಕರೆಗೆ 20 ಕ್ವಿಂಟಾಲ್ ಬಂತೆನ್ನಿ. ಕ್ವಿಂಟಾಲ್‌ಗೆ 700 ರೂಪಾಯಿ ಕಡಿಮೆಯಾದರೆ ಎಕರೆಗೆ 14,000, ಐದು ಎಕರೆಗೆ 70,000 ರೂಪಾಯಿ ಹೋಯಿತು. ಪಿಎಂ ಕಿಸಾನ್ ಹಣ ವರ್ಷಕ್ಕೆ 6,000. ಹತ್ತು ವರ್ಷದ ಕಿಸಾನ್ ಹಣ ಕೂಡಿಸಿದರೂ ಈ ಒಂದು ಸುಗ್ಗಿಯ ತೂತು ಮುಚ್ಚುವುದಿಲ್ಲ. ಆ ಮುಂಗಾರಿಗೆ ಒಂದು ಕ್ವಿಂಟಾಲ್ ಗೋವಿನಜೋಳ ಬೆಳೆಯಲು 1,508 ರೂಪಾಯಿ ಖರ್ಚು ಬೀಳುತ್ತದೆಂದು ಒಪ್ಪಿಕೊಂಡಿರುವುದು ಕೇಂದ್ರ ಸರ್ಕಾರವೇ, ಅದೂ ಸ್ವಂತ ಹೊಲದ ಬಾಡಿಗೆ ಹಿಡಿಯದೆ. 1,600ಕ್ಕೆ ಮಾರಿದವನಿಗೆ ಉಳಿದದ್ದು ಕ್ವಿಂಟಾಲ್‌ಗೆ 92 ರೂಪಾಯಿ. ಹಮಾಲಿ, ಸಾಗಾಟ, ತೇವಾಂಶದ ಕಡಿತ ಎಲ್ಲವೂ ಇನ್ನು ಅದರೊಳಗೇ ಆಗಬೇಕು.

ವಿಮೆ ಇದೆಯಲ್ಲ ಎನ್ನುತ್ತಾರೆ. ಇದೆ. 2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ನಡೆಯುತ್ತಿದೆ. ಮುಂಗಾರಿ ಬೆಳೆಗೆ ವಿಮಾ ಮೊತ್ತದ ಶೇ 2ರಷ್ಟನ್ನು ನಾವು ಕಟ್ಟುತ್ತೇವೆ, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಉಳಿದ ಕಂತನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕಂಪನಿಗೆ ತುಂಬುತ್ತವೆ. ಆದರೆ ಆ ವಿಮೆಗೆ ಗೊತ್ತಿರುವುದು ಇಳುವರಿ ಒಂದೇ. ನಿಮ್ಮ ಪಂಚಾಯಿತಿಯ ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿದ್ದ ಐದು ವರ್ಷಗಳ ಸರಾಸರಿ ತೆಗೆದು, ಅದನ್ನೂ ಒಂದಿಷ್ಟು ತಗ್ಗಿಸಿ, ಅದಕ್ಕಿಂತ ಈ ವರ್ಷ ಎಷ್ಟು ಕಡಿಮೆ ಬಂತು ಎಂದು ನೋಡುತ್ತಾರೆ. ಆ ಮಿತಿ ಎಕರೆಗೆ 16 ಕ್ವಿಂಟಾಲ್ ಇದ್ದು, ಈ ವರ್ಷ 12 ಬಂದರೆ ಕೊರತೆ ನಾಲ್ಕನೇ ಒಂದು ಭಾಗ. ವಿಮಾ ಮೊತ್ತದ ನಾಲ್ಕನೇ ಒಂದು ಭಾಗ ಪರಿಹಾರ ಬರುತ್ತದೆ. 20 ಬಂದರೆ ಸೊನ್ನೆ. ಪೇಟೆಯಲ್ಲಿ ದರ 2,400 ಇರಲಿ, 1,200 ಇರಲಿ, ವಿಮೆಯ ಲೆಕ್ಕದಲ್ಲಿ ಆ ರೈತನಿಗೆ ನಷ್ಟವೇ ಆಗಿಲ್ಲ!

ಮಳೆ ಕೈಕೊಟ್ಟರೆ ಸರ್ಕಾರದ ಬಳಿ ಒಂದು ಲೆಕ್ಕವಿದೆ, ಪೇಟೆ ಕೈಕೊಟ್ಟರೆ ಅಂಥ ಖಾತ್ರಿಯ ಲೆಕ್ಕ ಇಲ್ಲ. ಈ ಕರಪತ್ರ ಅಚ್ಚು ಹಾಕಿಸಿದ್ದು ಇದಕ್ಕಾಗಿ. ನಮಗೆ ಬೇಕಿರುವುದು ಆದಾಯದ ಖಾತ್ರಿ. ಪಂಚಾಯಿತಿಯ ಇಳುವರಿಯನ್ನು ಪೇಟೆಯ ಸರಾಸರಿ ದರದಿಂದ ಗುಣಿಸಿ. ಬಂದ ಮೊತ್ತ ನ್ಯಾಯವಾಗಿ ಬರಬೇಕಾದ ಆದಾಯಕ್ಕಿಂತ ಕೆಳಗಿದ್ದರೆ ವ್ಯತ್ಯಾಸವನ್ನು ರೈತನ ಖಾತೆಗೆ ಹಾಕಿ.

ಇದು ನಾವು ಗಾಳಿಯಿಂದ ಹಿಡಿದು ತಂದ ಮಾತಲ್ಲ. 2003-04ರ ಹಿಂಗಾರಿನಲ್ಲಿ ಕೇಂದ್ರ ಸರ್ಕಾರವೇ ಗೋಧಿ ಮತ್ತು ಭತ್ತಕ್ಕೆ ಆದಾಯ ವಿಮೆಯನ್ನು ಪ್ರಾಯೋಗಿಕವಾಗಿ ಕೆಲವು ಜಿಲ್ಲೆಗಳಲ್ಲಿ ಜಾರಿ ಮಾಡಿತ್ತು. ಇಳುವರಿ, ಬೆಲೆ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಯೋಜನೆ ಅದು. ಸ್ವಲ್ಪ ಕಾಲ ನಡೆಸಿ ಕೈಬಿಟ್ಟರು. ಅಮೆರಿಕದಲ್ಲಿ 2014ರ ಕೃಷಿ ಕಾಯ್ದೆಯಿಂದೀಚೆಗೆ ಇಂಥದೇ ಒಂದು ಯೋಜನೆಯಿದೆ. ಅಲ್ಲಿ ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಹಾಗೆ. ಕೌಂಟಿಯ ಇಳುವರಿಯನ್ನು ದೇಶದ ಸರಾಸರಿ ದರದಿಂದ ಗುಣಿಸಿ, ಹಿಂದಿನ ವರ್ಷಗಳ ಸರಾಸರಿ ಆದಾಯದ ಶೇ 86ಕ್ಕಿಂತ ಕೆಳಗಿಳಿದರೆ ಸರ್ಕಾರ ರೈತನಿಗೆ ಹಣ ಕೊಡಬೇಕೆಂದು ಆ ಕಾಯ್ದೆ ಬರೆಯಿತು. ಗೋವಿನಜೋಳ ಬೆಳೆಯುವ ಅಲ್ಲಿಯ ರೈತನಿಗೆ ಈ ಆಸರೆಯಿದೆ, ನಮ್ಮ ಗುತ್ತಲದ ರೈತನಿಗೆ ಇಲ್ಲ. ಒಂದು ಮಾತು ಮುಚ್ಚಿಡಬಾರದು. ಅಲ್ಲಿ ಆ ಹಣದ ದೊಡ್ಡ ಪಾಲು ಸಾವಿರಾರು ಎಕರೆಯ ದೊಡ್ಡ ಕುಳಗಳಿಗೆ ಹೋಗುತ್ತದೆ. ಆ ರೋಗ ನಮಗೆ ಬೇಡ. ಬರ ಮತ್ತು ನೆರೆ ಪರಿಹಾರಕ್ಕೆ ಇರುವಂತೆ ಎರಡು ಹೆಕ್ಟೇರಿನ ಮಿತಿ ಇದಕ್ಕೂ ಇರಲಿ. ಐದು ಎಕರೆಯವನ ಬದುಕು ನೇರವಾದರೆ ಸಾಕು.

ಹಣ ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ನಮ್ಮದೇ ಊರಿನ ಹಾಲಿನ ಡೇರಿ ತೋರಿಸಿ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಸರ್ಕಾರದ ಪ್ರೋತ್ಸಾಹಧನ ಆಮೇಲೆ 5 ರೂಪಾಯಿಗೆ ಏರಿತು. ಒಕ್ಕೂಟ ಕೊಡುವ ದರದ ಮೇಲೆ ಸರ್ಕಾರ ತನ್ನ ಪಾಲು ಹಾಕುತ್ತದೆ, ಹಣ ನೇರ ಖಾತೆಗೆ ಬೀಳುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ 2025ರ ನವೆಂಬರಿನಲ್ಲಿ ಕಬ್ಬು ಬೆಳೆಗಾರರು ರಸ್ತೆ ಬಿಟ್ಟು ಏಳಲಿಲ್ಲ. ಕಡೆಗೆ ಟನ್ನಿಗೆ 3,300 ರೂಪಾಯಿ ತೀರ್ಮಾನವಾಯಿತು, ಅದರಲ್ಲಿ 50 ರೂಪಾಯಿ ರಾಜ್ಯ ಸರ್ಕಾರದ್ದು. ಹಾಲಿಗೆ, ಕಬ್ಬಿಗೆ ಆಗುವುದಾದರೆ ಗೋವಿನಜೋಳಕ್ಕೆ, ಮೆಣಸಿನಕಾಯಿಗೆ ಯಾಕೆ ಆಗದು? ನಾವು ಪ್ರತಿ ವರ್ಷ ಕೊಡಿ ಎನ್ನುತ್ತಿಲ್ಲ. ದರ ಬಿದ್ದ ವರ್ಷ ಕೊಡಿ.

ಮೆಣಸಿನಕಾಯಿ ಎಂದ ಮೇಲೆ ಬ್ಯಾಡಗಿಯ ಮಾತು ಆಡಲೇಬೇಕು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರ ಬಣ್ಣಕ್ಕೆ, ಅದರಿಂದ ತೆಗೆಯುವ ಓಲಿಯೊರೆಸಿನ್‌ಗೆ ಹೊರದೇಶಗಳಲ್ಲೂ ಗಿರಾಕಿ ಇದೆ. ಆದರೆ ಒಣ ಮೆಣಸಿನಕಾಯಿಗೆ ಬೆಂಬಲ ಬೆಲೆ ಎಂಬುದೇ ಇಲ್ಲ. ಕೇಂದ್ರ ದರ ಸಾರುವ ಬೆಳೆಗಳ ಪಟ್ಟಿಯಲ್ಲಿ ಅದರ ಹೆಸರು ಇಲ್ಲ. ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಆ ಎರಡು ದಿನ ಪರದೆಯ ಮೇಲೆ ಮೂಡಿದ್ದೇ ದರ, ಬಂದದ್ದೇ ಭಾಗ್ಯ.

2024ರ ಮಾರ್ಚ್ 11 ಸೋಮವಾರವಾಗಿತ್ತು. ದರ ಏಕಾಏಕಿ ಕುಸಿಯಿತೆಂದು ಸಿಟ್ಟಿಗೆದ್ದ ಜನ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ದೂರದ ಜಿಲ್ಲೆಗಳಿಂದ, ಆಂಧ್ರದಿಂದ ಲಾರಿ ಹೇರಿಕೊಂಡು ಬಂದವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೂ ನೇರವಾಗಿ ಹೇಳುತ್ತೇವೆ, ಆ ಬೆಂಕಿಯಿಂದ ಮೆಣಸಿನಕಾಯಿಗೆ ಬೆಂಬಲ ಬೆಲೆ ಬರಲಿಲ್ಲ. ಹಾವೇರಿಯ ನೆಲ 2008ರ ಜೂನ್ 10ನ್ನು ಮರೆತಿಲ್ಲ. ಗೊಬ್ಬರ ಕೇಳಲು ಹೋದವರ ಮೇಲೆ ಗುಂಡು ಹಾರಿದ ದಿನ ಅದು, ಆ ಗುಂಡಿಗೆ ಇಬ್ಬರು ರೈತರು ಪ್ರಾಣ ಕೊಟ್ಟರು. ಈ ಹೋರಾಟದಲ್ಲಿ ಕಲ್ಲು ಬೇಡ, ಬೆಂಕಿ ಬೇಡ. ಕಾಗದ ಬೇಕು, ಅಂಕಿ ಬೇಕು, ಜನ ಬೇಕು.

ಅಂಕಿ ಇದೆ ನೋಡಿ. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯ ನಿಯಮ ಬದಲಿಸಿತು. ಬೆಂಬಲ ಬೆಲೆ ಇಲ್ಲದ ಬೆಳೆಯ ದರ ಹಿಂದಿನ ಸಾಮಾನ್ಯ ವರ್ಷಕ್ಕಿಂತ ಶೇ 10ರಷ್ಟು ಬಿದ್ದರೆ, ರಾಜ್ಯ ಕೇಳಿಕೊಂಡರೆ, ಮಾಲು ಖರೀದಿಸದೆಯೇ ದರದ ವ್ಯತ್ಯಾಸವನ್ನು ರೈತನ ಖಾತೆಗೆ ಹಾಕಬಹುದು. ಅದೇ ತಿಂಗಳು ಆಂಧ್ರಪ್ರದೇಶದ ಒಣ ಮೆಣಸಿನಕಾಯಿಗೆ ಕ್ವಿಂಟಾಲ್‌ಗೆ 11,781 ರೂಪಾಯಿ ದರ ಕಟ್ಟಿ, 2.91 ಲಕ್ಷ ಟನ್ನಿಗೆ ಒಪ್ಪಿಗೆ ಕೊಟ್ಟರು. ಜುಲೈನಲ್ಲಿ ಕರ್ನಾಟಕದ ತೋತಾಪುರಿ ಮಾವಿಗೆ ಕ್ವಿಂಟಾಲ್‌ಗೆ 1,616 ರೂಪಾಯಿಯಂತೆ 2.5 ಲಕ್ಷ ಟನ್ನಿಗೆ ಒಪ್ಪಿಗೆ ಸಿಕ್ಕಿತು. ಕೋಲಾರದ ಕಡೆಯವರು ಬೀದಿಗಿಳಿದರು, ಗದ್ದಲ ಎಬ್ಬಿಸಿದರು, ಪಡೆದರು. ನಿಯಮ ಇದೆ, ದಾರಿ ಇದೆ. ಕೇಳುವ ಬಾಯಿ ನಮ್ಮದಾಗಬೇಕು.

ಆದರೆ ಎಚ್ಚರ. ಆಂಧ್ರದ ಗುಂಟೂರು ಕಾಯಿಗೆ ಕಟ್ಟಿದ ದರವನ್ನೇ ತಂದು ನಮ್ಮ ಬ್ಯಾಡಗಿಯ ಡಬ್ಬಿಗೆ, ಕಡ್ಡಿಗೆ ಹಚ್ಚಿದರೆ ನಮಗೆ ಬರುವುದು ಏನೂ ಇಲ್ಲ. ನಮ್ಮ ಜವಾರಿ ಕಾಯಿ ಎಕರೆಗೆ ಬರುವುದೇ ಕಡಿಮೆ, ಅದು ನಿಂತಿರುವುದು ದರದ ಮೇಲೆ. ಪೇಟೆಯಲ್ಲಿ ಡಬ್ಬಿ, ಕಡ್ಡಿ, ಗುಂಟೂರು ಎಂದು ಬೇರೆ ಬೇರೆ ದರ ಕೂಗುವ ಹಾಗೆ ಮೂಲ ದರವೂ ಬೇರೆ ಬೇರೆ ಇರಬೇಕು. ಇದನ್ನು ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.

ಇನ್ನು ಗೋವಿನಜೋಳ. ಅದಕ್ಕೆ ಬೆಂಬಲ ಬೆಲೆ ಇದೆ, ಬೆಳೆದಷ್ಟಕ್ಕೆಲ್ಲ ಖರೀದಿ ಇಲ್ಲ. ರೇಷನ್ ಅಂಗಡಿಯಲ್ಲಿ ಹಂಚದ ಕಾಳನ್ನು ಕೊಂಡು ಎಲ್ಲಿಡಬೇಕು ಎಂಬುದು ಅಧಿಕಾರಿಗಳ ಹಳೇ ರಾಗ. ಬೇಡ, ಕೊಳ್ಳಬೇಡಿ. ಗೋದಾಮು ಬೇಡ, ಗೋಣಿಚೀಲ ಬೇಡ, ತೂಕದ ಸರತಿಯೂ ಬೇಡ. ಯಾವ ಸರ್ವೆ ನಂಬರಿನಲ್ಲಿ ಎಷ್ಟು ಎಕರೆ ಗೋವಿನಜೋಳವಿದೆ ಎಂಬುದು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಫೋಟೊ ಸಮೇತ ಕೂತಿದೆ. ಪಂಚಾಯಿತಿಯ ಸರಾಸರಿ ಇಳುವರಿಯನ್ನು ವಿಮೆಗಾಗಿ ಹೇಗೂ ತೆಗೆಯುತ್ತಾರೆ. ರಾಣೆಬೆನ್ನೂರು, ಹಾವೇರಿ ಎಪಿಎಂಸಿಗಳ ದಿನದಿನದ ದರ ದಾಖಲಾಗಿದೆ. ರೈತನ ಖಾತೆ ನೋಂದಣಿಯ ಫ್ರೂಟ್ಸ್ ಐಡಿಗೆ ಜೋಡಣೆಯಾಗಿದೆ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸಾರಿದಾಗ, ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ ಸುಮಾರು 3,454 ಕೋಟಿ ರೂಪಾಯಿಯನ್ನು ಇದೇ ದಾರಿಯಲ್ಲಿ ಖಾತೆಗೆ ಹಾಕಿದ್ದರು. ಅದೇ ದಾರಿ, ಅದೇ ಕಂಪ್ಯೂಟರ್. ಗುಣಾಕಾರದಲ್ಲಿ ದರ ಒಂದನ್ನು ಸೇರಿಸಬೇಕು, ಅಷ್ಟೆ.

ಎಕರೆ ಲೆಕ್ಕದಲ್ಲೇ ಕೊಡಿ ಎಂದು ನಾವು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಮಧ್ಯಪ್ರದೇಶದಲ್ಲಿ 2017ರಲ್ಲಿ ಭಾವಾಂತರ ಯೋಜನೆ ತಂದರು. ಇಂಥ ತಾರೀಖಿನಿಂದ ಇಂಥ ತಾರೀಖಿನೊಳಗೆ ಮಂಡಿಯಲ್ಲಿ ಮಾರಿದವರಿಗೆ ಮಾತ್ರ ವ್ಯತ್ಯಾಸ ಎಂದರು. ಎಲ್ಲರೂ ಒಮ್ಮೆಗೇ ಮಾಲು ಸುರಿದರು, ದರ ಇನ್ನಷ್ಟು ಕುಸಿಯಿತು, ವ್ಯಾಪಾರಿಗಳೇ ಕೂಡಿ ದರ ಇಳಿಸಿದರೆಂಬ ದೂರು ಎದ್ದಿತು. ಹೊಲದ ಅಳತೆ ಮತ್ತು ಪಂಚಾಯಿತಿಯ ಇಳುವರಿಯ ಮೇಲೆ ಹಣ ಕೊಟ್ಟರೆ ರೈತ ಇಂದೇ ಮಾರಲಿ, ಯುಗಾದಿಗೆ ಮಾರಲಿ, ಕೋಳಿ ಫಾರಂಗೆ ಕೊಡಲಿ, ಎಥನಾಲ್ ಕಾರ್ಖಾನೆಗೆ ಕೊಡಲಿ, ದಲಾಲರ ಪಟ್ಟಿ ತೋರಿಸುವ ಗೋಜಿಲ್ಲ.

ಈಗ ನಮ್ಮ ಮನೆಯ ಕಡೆ ತಿರುಗೋಣ. ಸರ್ಕಾರವನ್ನು ಕೇಳುವ ಮೊದಲು ನಮ್ಮ ಕಾಗದ ನೇರವಿರಬೇಕು. ಎಷ್ಟೋ ಮನೆಗಳಲ್ಲಿ ಉತಾರ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಪೌತಿ ಖಾತೆ ಮಾಡಿಸದ ಕಾರಣ ಬೆಳೆದವನಿಗೂ ಇಲ್ಲ, ಸತ್ತವನಿಗೂ ಇಲ್ಲ, ಹಣ ನಡುವೆ ನಿಲ್ಲುತ್ತದೆ. ಗಂಡ ಸತ್ತ ಮೇಲೆ ಹೊಲ ನಡೆಸುವ ತಂಗಿಯರಿಗೆ ಇದರ ಪೆಟ್ಟು ಹೆಚ್ಚು. ಮೊದಲು ಅದನ್ನು ಸರಿಮಾಡಿಸಿ. ನಿಮ್ಮ ಎಲ್ಲ ಸರ್ವೆ ನಂಬರುಗಳೂ ಫ್ರೂಟ್ಸ್ ಐಡಿಗೆ ಸೇರಿವೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ, ಬ್ಯಾಂಕಿನಲ್ಲಿ ಕೇಳಿ. ಬೆಳೆ ಸಮೀಕ್ಷೆಯವರು ಬಂದಾಗ ಹೊಲದಲ್ಲಿ ನಿಂತು ನೋಡಿ. ನೀವು ಗೋವಿನಜೋಳಕ್ಕೆ ವಿಮೆ ಕಟ್ಟಿರುತ್ತೀರಿ, ಆ್ಯಪ್‌ನಲ್ಲಿ ಹತ್ತಿ ಎಂದು ಬಿದ್ದಿರುತ್ತದೆ. ಪರಿಹಾರ ತಿರಸ್ಕೃತವಾದ ಮೇಲೆ ಕಚೇರಿ ಕಚೇರಿ ಅಲೆದರೆ ಏನೂ ಆಗುವುದಿಲ್ಲ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಆಗಲೇ ಆಕ್ಷೇಪಣೆ ಹಾಕಿ. ಓದಿದ ಮಕ್ಕಳು ಮನೆಯಲ್ಲಿದ್ದರೆ ಅರ್ಧ ಗಂಟೆಯ ಕೆಲಸ. ನಿಮ್ಮ ಸರ್ವೆ ನಂಬರಿಗೆ ಬೇರೆ ಯಾರಾದರೂ ವಿಮೆ ಕಟ್ಟಿದ್ದಾರೇನೋ ಎಂಬುದನ್ನೂ ಬೆಳೆ ವಿಮೆಯ ಸಂರಕ್ಷಣೆ ಪೋರ್ಟಲ್‌ನಲ್ಲಿ ನೋಡಿಬಿಡಿ.

ಮುಂಗಾರಿ ವಿಮೆಯ ಕೊನೇ ದಿನ ಬಹುತೇಕ ಬೆಳೆಗಳಿಗೆ ಜುಲೈ 31ರ ಸುಮಾರಿಗೆ ಬರುತ್ತದೆ. ಹೆಸರಿನಂಥ ಬೆಳೆಗೆ ಇನ್ನೂ ಮೊದಲು. ಕೊನೇ ದಿನ ಸರ್ವರ್ ಸತ್ತಿರುತ್ತದೆ, ಗೊತ್ತಿರುವ ಕಥೆ. ಆಲಿಕಲ್ಲು ಬಿದ್ದರೆ, ಹೊಲ ಮುಳುಗಿದರೆ, ಕೊಯ್ದು ಹರವಿದ ಬೆಳೆ ಹದಿನಾಲ್ಕು ದಿನದೊಳಗೆ ಅಕಾಲದ ಮಳೆಗೆ ನೆನೆದರೆ 72 ಗಂಟೆಯೊಳಗೆ 14447ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ರಾಣೆಬೆನ್ನೂರಿನವರಿಗೆ ಒಂದು ವಿಶೇಷ ಮಾತು. 1974ರಿಂದ ಕೃಷ್ಣಮೃಗ ಅಭಯಾರಣ್ಯ ನಿಮ್ಮ ಮಗ್ಗುಲಲ್ಲಿದೆ. ಚಿಗರಿಗೆ ಬೇಲಿ ಗೊತ್ತಿಲ್ಲ, ಕಾಡುಹಂದಿಗಂತೂ ಯಾವುದೂ ಗೊತ್ತಿಲ್ಲ. 2026ರ ಮುಂಗಾರಿನಿಂದ ಕಾಡುಪ್ರಾಣಿಗಳ ಹಾವಳಿಗೂ ಬೆಳೆ ವಿಮೆ ಅನ್ವಯಿಸುವುದೆಂದು 2025ರ ನವೆಂಬರಿನಲ್ಲಿ ಕೇಂದ್ರ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಜಿಲ್ಲೆ ಎಂದು ಪಟ್ಟಿ ಮಾಡುವ ಹೊಣೆ ರಾಜ್ಯದ್ದು. ಆ ಪಟ್ಟಿಯಲ್ಲಿ ಹಾವೇರಿ ಜಿಲ್ಲೆ ಇರಬೇಕು, ಕೃಷ್ಣಮೃಗದ ಹೆಸರೂ ಕಾಡುಹಂದಿಯ ಹೆಸರೂ ಇರಬೇಕು.

ಎಲ್ಲಕ್ಕಿಂತ ಮುಖ್ಯ, ಬೆಳೆ ಕಟಾವು ಪ್ರಯೋಗ. ನಿಮ್ಮ ಪಂಚಾಯಿತಿಯಲ್ಲಿ ಒಂದು ಮುಖ್ಯ ಬೆಳೆಗೆ ನಾಲ್ಕು ಹೊಲ ಆರಿಸಿ, ಅಳತೆ ಹಾಕಿ ಕೊಯ್ದು ತೂಗುತ್ತಾರೆ. ಆ ನಾಲ್ಕು ತುಂಡುಗಳ ತೂಕ ಇಡೀ ಪಂಚಾಯಿತಿಯ ಹಣೆಬರಹ. ಕಂಪನಿಯ ಮನುಷ್ಯ ಸಾಕ್ಷಿಗೆ ಬರುತ್ತಾನೆ, ಫೋಟೊ ಹೊಡೆಯುತ್ತಾನೆ, ತಕರಾರು ಬರೆಯುತ್ತಾನೆ. ನಾವು ಎಲ್ಲಿರುತ್ತೇವೆ? ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿದರೆ ಮಳೆ ಬೆಳೆ ಏನಾಗುವುದೋ ಎಂದು ಸಾವಿರಾರು ಜನ ಉಸಿರು ಬಿಗಿಹಿಡಿದು ಕೇಳುತ್ತೇವೆ. ನಮ್ಮದೇ ಊರಿನ ಇಳುವರಿ ಅಂಕಿ ಕೇಳಲು ನಾಲ್ಕು ಜನ ಸೇರುವುದಿಲ್ಲ. ಇದು ಬದಲಾಗಲಿ. ಕಟಾವಿನ ದಿನ ಯಾವ ಹೊಲ, ಯಾವ ಹೊತ್ತು ಎಂದು ಮೊದಲೇ ಡಂಗುರ ಸಾರಿಸಿ, ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಸಿ. ಪ್ರತಿ ಊರಿನಿಂದ ಮೂವರು ಹೋಗಿ ನಿಲ್ಲಿ. ತೂಕವನ್ನು ಬರೆದುಕೊಳ್ಳಿ. ಅಂತಿಮ ಅಂಕಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲು ಕೇಳಿ. ಅಂಟಿಸದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಲೇಬೇಕು. ಈ ಅಂಕಿ ವಿಮೆಗೂ ಬೇಕು, ನಾಳೆ ಆದಾಯದ ಖಾತ್ರಿ ಬಂದರೆ ಅದಕ್ಕೂ ಇದೇ ಅಡಿಪಾಯ.

ಯಾರನ್ನು ಕೇಳಬೇಕು? ದೂರ ಹೋಗಬೇಕಿಲ್ಲ. 2023ರಲ್ಲಿ ನಮ್ಮ ಜಿಲ್ಲೆಯ ಉಸ್ತುವಾರಿ ಹೊತ್ತ ಸಚಿವ ಶಿವಾನಂದ ಪಾಟೀಲರ ಬಳಿಯೇ ಕೃಷಿ ಮಾರುಕಟ್ಟೆ ಖಾತೆಯನ್ನೂ ಕೊಟ್ಟರು. 2024ರಲ್ಲಿ ನಾವು ಲೋಕಸಭೆಗೆ ಕಳಿಸಿದ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದವರು, ಕಡತ ಹೇಗೆ ನಡೆಯುತ್ತದೆಂದು ಬಲ್ಲವರು. ಒಬ್ಬರು ರಾಜ್ಯದಿಂದ ಪ್ರಸ್ತಾವ ಹೊರಡಿಸಲಿ, ಇನ್ನೊಬ್ಬರು ದಿಲ್ಲಿಯಲ್ಲಿ ಅದರ ಬೆನ್ನು ಹತ್ತಲಿ. ಪಕ್ಷದ ಜಗಳ ಚುನಾವಣೆಗೆ ಇರಲಿ. ಲಾವಣಿಗೆ ಮಾಡುವವನ ಹೆಸರೂ ಪಟ್ಟಿಗೆ ಬರುವಂತೆ ಆ ಪ್ರಸ್ತಾವದಲ್ಲಿ ಬರೆಸಬೇಕು. ಬೀಜ, ಗೊಬ್ಬರ ಅವನದು, ಪರಿಹಾರ ಮಾತ್ರ ಉತಾರದವನದು ಎಂಬ ಅನ್ಯಾಯಕ್ಕೆ ನಾವು ರೈತರೇ ಎಷ್ಟೋ ಸಲ ಕಣ್ಣು ಮುಚ್ಚಿದ್ದೇವೆ.

ಮುಂದಿನ ಗ್ರಾಮಸಭೆಗೆ ಬನ್ನಿ. ಮನೆಗೆ ಒಬ್ಬರಾದರೂ ಬನ್ನಿ, ಹೆಣ್ಣುಮಕ್ಕಳು ತಪ್ಪದೆ ಬನ್ನಿ. ಫಲಾನುಭವಿಗಳ ಆಯ್ಕೆ, ಚಹಾ, ಸಹಿ ಎಂದು ಸಭೆ ಮುಗಿಸಲು ಬಿಡಬೇಡಿ. ಗೋವಿನಜೋಳಕ್ಕೂ ಬ್ಯಾಡಗಿ ಮೆಣಸಿನಕಾಯಿಗೂ ಇಳುವರಿ ಮತ್ತು ದರ ಸೇರಿಸಿ ಆದಾಯದ ಖಾತ್ರಿ ಕೊಡಬೇಕು, ಕಟಾವು ಪ್ರಯೋಗದ ಅಂಕಿ ಗೋಡೆಗೆ ಬರಬೇಕು ಎಂದು ಠರಾವು ಮಾಡಿಸಿ, ಠರಾವಿನ ನಕಲು ಕೈಯಲ್ಲಿ ಹಿಡಿದೇ ಹೊರಗೆ ಬನ್ನಿ. ಆ ನಕಲುಗಳನ್ನೆಲ್ಲ ಕೂಡಿಸಿ ಮೂರೂ ತಾಲ್ಲೂಕಿನವರು ಹಾವೇರಿಯ ಜಿಲ್ಲಾಧಿಕಾರಿ ಕಚೇರಿಗೆ ಒಟ್ಟಾಗಿ ಕೊಡೋಣ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಮರಳೋಣ. ಓದಿದವರು ಈ ಕಾಗದವನ್ನು ಓದಲು ಬಾರದವರಿಗೆ ಓದಿ ಹೇಳಿ, ಆಮೇಲೆ ಪಕ್ಕದ ಊರಿನವರ ಕೈಗೆ ಕೊಡಿ.

ಇಂತಿ,
ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ರೈತರು